'ಚೆಕ್' ಅನ್ನೋ ಇಂಗ್ಲಿಷ್ ಪದದ ಬೇರು ಎಲ್ಲಿ? ಬ್ಯಾಂಕ್ ಚೆಕ್ಕು, ಚೆಕ್‌ಪೋಸ್ಟು, ಚೆಕ್ಸ್ ಲುಂಗಿ ಎಲ್ಲ ಒಂದೇನಾ?

ಹಲಗೆಬಳಪ:

ತುಮಕೂರು ಜಿಲ್ಲೆಯ ಒಂದು ಹಳ್ಳಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡ್ತೀನಿ. ಹೋದ ವಾರ ಒಂಬತ್ತನೇ ತರಗತಿಗೆ, ಒಂದೇ ಪದ ನಾಮಪದವೂ ಆಗಿ ಕ್ರಿಯಾಪದವೂ ಆಗಿ ಬರೋದು ಹೇಗೆ ಅಂತ ಹೇಳಬೇಕಿತ್ತು. 'ಚೆಕ್' ತಗೊಂಡೆ, ಮಕ್ಕಳ ಬಾಯಲ್ಲಿ ದಿನಾ ಓಡಾಡೋ ಪದ ಅಂತ. ಎಲ್ಲೆಲ್ಲಿ ಕೇಳಿದ್ದೀರಿ ಹೇಳ್ರೋ ಅಂದ್ರೆ ಹಲಗೆ ಸಾಲಲಿಲ್ಲ. ಬಸ್ಸಲ್ಲಿ ಚೆಕಿಂಗು, ಆಸ್ಪತ್ರೆಯಲ್ಲಿ ಚೆಕಪ್ಪು, ಕಾಡಿನ ದಾರೀಲಿ ಚೆಕ್‌ಪೋಸ್ಟು, ಬ್ಯಾಂಕಿನ ಚೆಕ್ಕು, ಅಪ್ಪನ ಚೆಕ್ಸ್ ಲುಂಗಿ, ಹಳ್ಳಕ್ಕೆ ಕಟ್ಟಿರೋ ಚೆಕ್‌ಡ್ಯಾಮು, ಚೆಸ್ ಆಡುವಾಗ ಕೂಗೋ 'ಚೆಕ್'.

ಅಷ್ಟರಲ್ಲಿ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು, "ಮಿಸ್, ನಮ್ಮ ತಾತನ ಜಮೀನು ಪತ್ರದಲ್ಲಿ ಚೆಕ್ಕುಬಂದಿ ಅಂತಿದೆ, ಅದೂ ಇಂಗ್ಲಿಷಾ?" ಅಂದ. ಮಾರನೇ ದಿನ ಜೆರಾಕ್ಸ್ ತಂದೇಬಿಟ್ಟ. ಮಡಿಕೆ ಬಿದ್ದ ಕಡೆ ಅಕ್ಷರ ಮಾಸಿದೆ, ಆದರೂ ಓದಬಹುದು: "ಚೆಕ್ಕುಬಂದಿ: ಪೂರ್ವಕ್ಕೆ ಗೌಡರ ಹೊಲ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಸರ್ಕಾರಿ ಹಳ್ಳ, ದಕ್ಷಿಣಕ್ಕೆ ನಮ್ಮದೇ ಉಳಿಕೆ ಜಮೀನು."

ಉತ್ತರ ಗೊತ್ತಿರಲಿಲ್ಲ, ನೋಡಿ ಹೇಳ್ತೀನಿ ಅಂತ ಮಾತು ಕೊಟ್ಟಿದ್ದೀನಿ. ನನ್ನ ಹತ್ತಿರ ಇರೋ ನಿಘಂಟಿನಲ್ಲಿ ಚೆಕ್‌ಗೆ ಮೊದಲ ಅರ್ಥ 'ತಡೆ', ಆಮೇಲೆ 'ಪರೀಕ್ಷಿಸು', ಆಮೇಲೆ 'ಚೌಕಳಿ', ಬ್ಯಾಂಕಿನದಕ್ಕೆ ಬೇರೆ ಸ್ಪೆಲಿಂಗು. ಇವು ಬೇರೆ ಬೇರೆ ಪದಗಳು ಸೇರಿಕೊಂಡಿರೋದಾ, ಒಂದೇ ಪದ ಕವಲೊಡೆದಿದ್ದಾ? ತಿಳಿದವರು ಬಿಡಿಸಿ ಹೇಳಿ. ಮಕ್ಕಳಿಗೆ ತಪ್ಪು ಹೇಳೋಕೆ ಇಷ್ಟವಿಲ್ಲ.

ಆನೆಕುದುರೆ:

ಮೇಡಂ, ಮಕ್ಕಳು ಕೊನೆಗೆ ಹೇಳಿದ್ದೇ ಮೊದಲನೆಯದು. ಚದುರಂಗದ ಹಾಸಿನ ಮೇಲೆ ಹುಟ್ಟಿದ ಕೂಗು ಅದು.

ಆಟ ನಮ್ಮ ಕಡೆಯದು. ಆನೆ, ಕುದುರೆ, ರಥ, ಕಾಲಾಳು ಅಂತ ಸೈನ್ಯದ ನಾಲ್ಕು ಅಂಗ, ಅದಕ್ಕೇ ಚತುರಂಗ. ಇರಾನಿಗೆ ಹೋದಾಗ 'ಚತ್ರಂಗ್' ಆಯಿತು, ಅರಬರ ಬಾಯಲ್ಲಿ 'ಶತ್ರಂಜ್'. ಪಾರಸಿಯವರು ನಮ್ಮ ರಾಜನ ಕಾಯನ್ನ ತಮ್ಮ ಮಾತಲ್ಲಿ 'ಶಾಹ್' ಅಂದರು. ಎದುರಾಳಿಯ ರಾಜನಿಗೆ ಏಟು ಬೀಳೋ ಹಾಗೆ ಕಾಯಿ ನಡೆಸಿದರೆ 'ಶಾಹ್!' ಅಂತ ಎಚ್ಚರಿಸೋದು ಪದ್ಧತಿ. ನಿನ್ನ ರಾಜನ್ನ ನೋಡ್ಕೋ ಅಂತ. ಅದೇ ಕೂಗು ಅರಬಿ ದಾಟಿ, ಮಧ್ಯಯುಗದ ಲ್ಯಾಟಿನ್‌ನಲ್ಲಿ 'ಸ್ಕಾಕಸ್' ಆಗಿ, ಹಳೆ ಫ್ರೆಂಚಿನಲ್ಲಿ 'ಎಶೆಕ್' ಆಗಿ, ಸುಮಾರು 1300ರ ಹೊತ್ತಿಗೆ ಇಂಗ್ಲಿಷಿನಲ್ಲಿ 'ಚೆಕ್' ಅಂತ ಇಳಿಯಿತು. ಫ್ರೆಂಚಿನ ಆ ಪದದ ಬಹುವಚನ 'ಎಶೆಸ್'. ಅದರಿಂದ ಬಂದಿದ್ದು 'ಚೆಸ್'. ಅಂದರೆ ಚೆಸ್ ಅನ್ನೋ ಹೆಸರಿಗೇ 'ಚೆಕ್‌ಗಳು', ಇನ್ನೂ ಹಿಂದಕ್ಕೆ ಹೋದರೆ 'ರಾಜರು' ಅಂತ ಅರ್ಥ.

ನಾವೀಗ "ರಾಜನಿಗೆ ಚೆಕ್" ಅಂತೀವಲ್ಲ, ಬಿಡಿಸಿ ನೋಡಿದರೆ "ರಾಜನಿಗೆ ರಾಜ" ಅಂದ ಹಾಗಾಯಿತು. ಮೂವತ್ತು ವರ್ಷದಿಂದ ಆಡ್ತಾ ಇದ್ದೀನಿ, ಇದು ತಿಳಿದ ದಿನ ನಿದ್ದೆ ಬರಲಿಲ್ಲ.

ಬೆಳಗಾವಿ ಕಡೆ ಮರಾಠಿ ಬಲ್ಲ ಹಿರಿಯರ ಜೊತೆ ಆಡಿದ್ದೀನಿ. ಅವರು ಚೆಕ್ ಅನ್ನಲ್ಲ, "ಶಹ" ಅಂತಾರೆ. ಹಳೇ ಕೂಗು ಅಲ್ಲಿ ಹಾಗೇ ಉಳಿದಿದೆ.

ಕೌಂಟರ್ 3:

ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಚೆಕ್ ಪಾಸ್ ಮಾಡಿ ನಿವೃತ್ತನಾದವನು ನಾನು. ಚದುರಂಗದ ಕಥೆ ಚೆನ್ನಾಗಿದೆ, ಆದರೆ ಬ್ಯಾಂಕ್ ಚೆಕ್ಕಿಗೂ ಅದಕ್ಕೂ ಸಂಬಂಧವಿಲ್ಲ ಅಂತಲೇ ತಿಳಿದಿದ್ದೆ. ನಮ್ಮ ತರಬೇತಿಯಲ್ಲಿ ಹೇಳಿದ್ದು: ಅರಬ್ ವ್ಯಾಪಾರಿಗಳು ಹಣ ಹೊತ್ತು ತಿರುಗುವ ಅಪಾಯ ಬೇಡ ಅಂತ 'ಸಕ್ಕ್' ಅನ್ನೋ ಪತ್ರ ಬರೆದುಕೊಡ್ತಿದ್ದರು, ಒಂದು ಊರಲ್ಲಿ ಬರೆಸಿ ಇನ್ನೊಂದು ಊರಲ್ಲಿ ಹಣ ಪಡೀತಿದ್ದರು, ಆ ಸಕ್ಕೇ ಚೆಕ್ ಆಯಿತು ಅಂತ. ಸ್ಪೆಲಿಂಗ್ ಬೇರೆ ಇರೋದೂ ಅದಕ್ಕೇ ಅಲ್ಲವೇ? ಪರೀಕ್ಷಿಸೋ ಚೆಕ್ ಸಿ-ಕೆಯಿಂದ ಮುಗಿಯುತ್ತೆ, ಬ್ಯಾಂಕಿನದು ಕ್ಯೂ-ಯು-ಇ.

ದಸ್ತಾವೇಜು:

ಚೆಕ್ಕುಬಂದಿ ಇಂಗ್ಲಿಷ್ ಅಲ್ಲ! ಇದನ್ನ ಮೊದಲು ಹೇಳಿಬಿಡ್ತೀನಿ, ಉಳಿದವರು ಆಮೇಲೆ ಚರ್ಚೆ ಮುಂದುವರಿಸಿ.

ನಮ್ಮ ತಂದೆ ಪತ್ರ ಬರಹಗಾರರು, ಈಗ ನಾನೂ ಅದೇ ಕೆಲಸದಲ್ಲಿದ್ದೀನಿ. ಕಂದಾಯದ ಹಿಂದೂಸ್ತಾನಿಯಲ್ಲಿ 'ಚಕ್' ಅಂದರೆ ಒಂದು ತುಂಡು ಜಮೀನು. 'ಬಂದಿ' ಪಾರಸಿಯದು, ಕಟ್ಟು ಅಂತ ಅರ್ಥ. ಆ ತುಂಡಿನ ನಾಲ್ಕು ಮಗ್ಗುಲನ್ನ ಮಾತಲ್ಲಿ ಕಟ್ಟಿಹಾಕೋದು ಚಕ್ಕುಬಂದಿ. ಜಮಾಬಂದಿ, ನಾಕಾಬಂದಿ, ಎಲ್ಲ ಅದೇ ಮನೆಯ ಮಕ್ಕಳು. ಉತ್ತರ ಪ್ರದೇಶದಲ್ಲಿ ಚೂರುಚೂರು ಹೊಲ ಒಟ್ಟುಗೂಡಿಸೋ ಸರ್ಕಾರಿ ಕೆಲಸಕ್ಕೆ ಇವತ್ತಿಗೂ ಚಕ್‌ಬಂದಿ ಅಂತಲೇ ಹೆಸರು. ನಮ್ಮ ಹಳೇ ಪತ್ರಗಳಲ್ಲಿ 'ಚಕ್ಕುಬಂದಿ' ಅಂತಲೂ ಇದೆ, 'ಚೆಕ್ಕುಬಂದಿ' ಅಂತಲೂ ಇದೆ. ಎರಡನೆಯದನ್ನ ನೋಡಿದವರಿಗೆ, ಗಡಿ ಚೆಕ್ ಮಾಡಿ ಬರೆದದ್ದು ಅಂತ ಅನ್ನಿಸುತ್ತೆ. ಒಬ್ಬರು ಯುವ ವಕೀಲರು ನನ್ನೆದುರಿಗೇ ಕಕ್ಷಿದಾರರಿಗೆ ಹಾಗೇ ವಿವರಿಸಿದರು. ಅಲ್ಲಾ ಸಾರ್ ಅಂತ ನಿಲ್ಲಿಸಿ ಹೇಳಿದೆ, ಒಪ್ಪಿಕೊಂಡರು.

ಮೇಡಂ, ಆ ಹುಡುಗನಿಗೆ ನನ್ನ ಪರವಾಗಿ ಶಹಭಾಸ್ ಹೇಳಿ. ಪತ್ರದಲ್ಲಿ ಮೊದಲು ನೋಡಬೇಕಾದದ್ದೇ ಚೆಕ್ಕುಬಂದಿ. ಸರ್ವೆ ನಂಬರ್ ತಪ್ಪಾಗಿ ಬಿದ್ದರೂ ನಾಲ್ಕು ದಿಕ್ಕು ಸರಿ ಇದ್ದರೆ ಜಮೀನು ಯಾವುದು ಅಂತ ಗುರುತು ಹಿಡಿಯಬಹುದು.

ಪದಬೇರು:

ದಸ್ತಾವೇಜು ಅವರು ಹೇಳಿದ್ದು ಸರಿ. ನಾನು ಕೌಂಟರ್ 3 ಅವರ ಪ್ರಶ್ನೆಗೆ ಬರ್ತೀನಿ. ಈ 'ಸಕ್ಕ್' ಕಥೆ ಎಲ್ಲ ಕಡೆ ಓಡಾಡ್ತಿದೆ, ಅದರಲ್ಲಿ ನಿಜವೂ ಸೇರಿಕೊಂಡಿದೆ.

ಅರಬಿಯ 'ಸಕ್ಕ್' ನಿಜವಾದ ಪದ. ಮೂಲ ಪಾರಸಿಯ 'ಚಕ್', ಅಂದರೆ ಬರಹದ ಪತ್ರ. ವ್ಯಾಪಾರಿಗಳು ಅದನ್ನ ಹಣದ ಆಜ್ಞೆಯಾಗಿ ಬಳಸಿದ್ದೂ ನಿಜ. ಆದರೆ ಪದ ಅಲ್ಲಿಂದ ಇಂಗ್ಲಿಷಿಗೆ ಬಂದಿದ್ದರೆ ದಾರಿಯಲ್ಲಿ ಹೆಜ್ಜೆ ಗುರುತು ಇರಬೇಕಿತ್ತು. ಅರಬಿ ಪದಗಳು ಯುರೋಪಿಗೆ ಹೋದ ಹೆದ್ದಾರಿ ಸ್ಪೇನ್. ಸ್ಪ್ಯಾನಿಷ್‌ನಲ್ಲಿ ಬ್ಯಾಂಕ್ ಚೆಕ್ಕಿಗೆ 'ಚೆಕೆ' ಅಂತಾರೆ, ಅದು ಅವರು ಇಂಗ್ಲಿಷಿನಿಂದ ತಡವಾಗಿ ತಗೊಂಡ ಸಾಲ. ಫ್ರೆಂಚಿನ 'ಶೆಕ್' ಕೂಡ ಇಂಗ್ಲಿಷಿನಿಂದಲೇ ಹೋದದ್ದು. ಇಟಲಿಯಲ್ಲಿ ಬೇರೆಯದೇ ಪದ, 'ಅಸ್ಸೆನ್ಯೊ'. ಹಾಗಾದರೆ ಅರಬ್ಬರ ನೆರೆಹೊರೆಯವರಿಗೇ ಗೊತ್ತಿಲ್ಲದ ಪದ ಲಂಡನ್ನಿಗೆ ಹಾರಿ ಬಂದಿತು ಅನ್ನಬೇಕಾಗುತ್ತೆ.

ಇನ್ನೊಂದು ಕಡೆಯಿಂದ ನೋಡಿದರೆ ಇಂಗ್ಲಿಷಿನ ಒಳಗೇ ಮೆಟ್ಟಿಲು ಮೆಟ್ಟಿಲಾಗಿ ಸಿಗುತ್ತೆ. 18ನೇ ಶತಮಾನದ ಮೊದಲಲ್ಲಿ ಬ್ಯಾಂಕಿನ ಲೆಕ್ಕದಲ್ಲಿ 'ಚೆಕ್' ಅಂದದ್ದು ಹಣ ಕೊಡಿ ಅನ್ನೋ ಚೀಟಿಯನ್ನಲ್ಲ. ಚೀಟಿ ಹರಿದುಕೊಟ್ಟ ಮೇಲೆ ಪುಸ್ತಕದಲ್ಲಿ ಉಳಿಯೋ ತುಂಡನ್ನ! ಯಾರಾದರೂ ಖೋಟಾ ಚೀಟಿ ತಂದರೆ, ಮೊತ್ತ ತಿದ್ದಿದರೆ, ಆ ತುಂಡು ತಡೆ ಹಾಕುತ್ತೆ. ಮೋಸಕ್ಕೆ ಹಾಕಿದ ಚೆಕ್ ಅದು. ಹೆಸರು ಕ್ರಮೇಣ ಉಳಿದ ತುಂಡಿನಿಂದ ಹರಿದ ತುಂಡಿಗೆ ದಾಟಿತು. ಶತಮಾನದ ಕೊನೆಗೆ ಇವತ್ತಿನ ಅರ್ಥ ನಿಂತಿತು.

ಸ್ಪೆಲಿಂಗ್ ವಿಷಯ: ಮೊದಲಿಗೆ ಎರಡಕ್ಕೂ ಸಿ-ಕೆಯೇ. ಕ್ಯೂ-ಯು-ಇ ಬಾಲ ಆಮೇಲೆ ಅಂಟಿದ್ದು, ಬ್ರಿಟನ್ನಿನ ಖಜಾನೆಯ ಹೆಸರು 'ಎಕ್ಸ್‌ಚೆಕರ್' ಅದರ ಮೇಲೆ ನೆರಳು ಬೀರಿದ್ದರಿಂದ. ಆ ಎಕ್ಸ್‌ಚೆಕರ್ ಕಥೆಯನ್ನ ಪ್ರತ್ಯೇಕವಾಗಿ ಬರೀತೀನಿ, ಅದು ಇಡೀ ಪದದ ಹೊಟ್ಟೆ ಇದ್ದ ಹಾಗೆ.

ಕೌಂಟರ್ 3:

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ಕೆಲಸಕ್ಕೆ ಸೇರಿದ ಕಾಲದ ಚೆಕ್‌ಬುಕ್ಕಿನಲ್ಲಿ ಎಡಗಡೆ ಎರಡು ಬೆರಳಗಲದ ಪಟ್ಟಿ ಇರ್ತಿತ್ತು, ನಡುವೆ ಸಾಲಾಗಿ ತೂತು. ತಾರೀಖು, ಯಾರಿಗೆ, ಎಷ್ಟು ಅಂತ ಮೊದಲು ಅಲ್ಲಿ ಬರೆದು ಆಮೇಲೆ ಬಲಗಡೆಯದನ್ನ ಹರೀಬೇಕು. ಬಹಳ ಜನ ಎಡಗಡೆ ಖಾಲಿ ಬಿಡೋರು. ಸಹಿ ತಕರಾರು ಬಂದಾಗ, "ನಿಮ್ಮ ಕೌಂಟರ್‌ಫಾಯಿಲ್ ತನ್ನಿ" ಅಂದರೆ ಬಿಳಿ ಪಟ್ಟಿ ತಂದು ತೋರಿಸೋರು. ಆ ಬಿಳಿ ಪಟ್ಟಿಯೇ ಅಸಲಿ ಚೆಕ್ ಅಂತ ಇಷ್ಟು ವರ್ಷ ಗೊತ್ತಿರಲಿಲ್ಲ.

ಒಪ್ಪಿದೆ. ನಮ್ಮ ಕಾನೂನಿನ ಭಾಷೆಯೂ ಅದೇ ಬ್ರಿಟಿಷ್ ದಾರಿಯದು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ, ಅದರಲ್ಲಿ ಚೆಕ್ ಬೌನ್ಸಿಗೆ ಶಿಕ್ಷೆ ಹೇಳೋ 138ನೇ ಕಲಂ 1988ರ ತಿದ್ದುಪಡಿಯಲ್ಲಿ ಸೇರಿದ್ದು. ಎಲ್ಲ ಕಡೆ ಕ್ಯೂ-ಯು-ಇ ಸ್ಪೆಲಿಂಗೇ.

ಆಸ್ಟಿನ್ ಅಕ್ಕ:

ಇಲ್ಲಿ ಅಮೆರಿಕದಲ್ಲಿ ಬ್ಯಾಂಕಿನದಕ್ಕೂ ಸಿ-ಕೆಯೇ. ಹೊಸದಾಗಿ ಬಂದಾಗ ಬ್ಯಾಂಕ್ ಪತ್ರದಲ್ಲಿ ಆ ಸ್ಪೆಲಿಂಗ್ ನೋಡಿ ಮುದ್ರಣದ ತಪ್ಪು ಅಂದುಕೊಂಡಿದ್ದೆ. ಪದಬೇರು ಅವರ ಪ್ರಕಾರ ಇವರದ್ದೇ ಹಳೆಯ ರೂಪ ಅನ್ನಿ.

ಇವರು ಚೆಕ್ಕನ್ನ ಇನ್ನೂ ಎಲ್ಲೆಲ್ಲೋ ಹಚ್ಚಿದ್ದಾರೆ. ಹೋಟೆಲಿನ ಬಿಲ್ಲು ಚೆಕ್. ನಾವು ಉತ್ತರದ ಪಕ್ಕ ಹಾಕೋ ರೈಟ್ ಗುರುತು ಚೆಕ್ ಮಾರ್ಕ್. ವಿಮಾನಕ್ಕೆ ಪೆಟ್ಟಿಗೆ ಒಪ್ಪಿಸೋದೂ ಬ್ಯಾಗ್ 'ಚೆಕ್' ಮಾಡೋದು. ನಾನು ಇದನ್ನ ಬಹಳ ದಿನ, ಬ್ಯಾಗ್ ತೆಗೆದು ನೋಡ್ತಾರೆ ಅಂತಲೇ ತಿಳಿದಿದ್ದೆ. ಅಲ್ಲ. ಹಿಂದೆ ಇಲ್ಲಿನ ರೈಲುಗಳಲ್ಲಿ ನಂಬರ್ ಕೊರೆದ ಹಿತ್ತಾಳೆ ಬಿಲ್ಲೆ ಜೋಡಿ ಇರ್ತಿತ್ತಂತೆ, ಒಂದು ಪೆಟ್ಟಿಗೆಗೆ, ಒಂದು ಪ್ರಯಾಣಿಕನ ಕೈಗೆ. ಇಳಿದ ಮೇಲೆ ಎರಡೂ ಕೂಡಿದರೆ ಪೆಟ್ಟಿಗೆ ನಿಮ್ಮದು. ಆ ಬಿಲ್ಲೆಗೆ ಹೆಸರು ಚೆಕ್. ನಾನೇ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಮುಟ್ಟಿ ನೋಡಿದ್ದೀನಿ, ಮೇಲ್ಗಡೆ ತೊಗಲಿನ ಪಟ್ಟಿ ತೂರಿಸೋ ಸೀಳು ಇತ್ತು. ಕೌಂಟರ್ 3 ಅವರ ಎಡಗಡೆ ಪಟ್ಟಿ, ಈ ಬಿಲ್ಲೆ, ಎರಡೂ ಒಂದೇ ಬುದ್ಧಿ ಅನ್ನಿಸ್ತು.

ಪದಬೇರು:

ಆಸ್ಟಿನ್ ಅಕ್ಕ ಹೇಳಿದ ಜೋಡಿ ಬಿಲ್ಲೆಯಿಂದಲೇ ಖಜಾನೆಗೆ ಹೋಗೋಣ.

ಹಳೆ ಫ್ರೆಂಚಿನಲ್ಲಿ ಚದುರಂಗದ ಹಾಸಿಗೆ 'ಎಶೆಕಿಯೆ' ಅನ್ನೋರು. ಫ್ರಾನ್ಸ್ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡ್ ಆಳುವಾಗ ರಾಜನ ಲೆಕ್ಕಪತ್ರದ ಕಚೇರಿಗೆ ಆ ಹೆಸರು ಬಿತ್ತು. ಕಾರಣ ಒಂದು ಮೇಜು. 1170ರ ದಶಕದ ಕೊನೆಯಲ್ಲಿ ಅಲ್ಲಿನ ಖಜಾಂಚಿ ರಿಚರ್ಡ್ ಫಿಟ್ಜ್‌ನೀಲ್ ಅದರ ವಿವರ ಬರೆದಿಟ್ಟಿದ್ದಾನೆ: ಉದ್ದ 10 ಅಡಿ, ಅಗಲ 5 ಅಡಿ, ಮೇಲಿಟ್ಟದ್ದು ಉರುಳದ ಹಾಗೆ ಸುತ್ತ ನಾಲ್ಕು ಬೆರಳೆತ್ತರದ ಅಂಚು. ಅದರ ಮೇಲೆ ಕಪ್ಪು ಬಟ್ಟೆ, ಬಟ್ಟೆಯ ಮೇಲೆ ಅಡಿಗೊಂದು ಇಲ್ಲವೇ ಗೇಣಿಗೊಂದು ಗೆರೆ. ಆ ಕಾಲಕ್ಕೆ ಅಲ್ಲಿ ರೋಮನ್ ಅಂಕಿ. ಸೊನ್ನೆ ಇಲ್ಲ, ಸ್ಥಾನಬೆಲೆ ಇಲ್ಲ, ಕಾಗದದ ಮೇಲೆ ಕೂಡಿ ಕಳೆಯೋದು ಕಷ್ಟ. ಅದಕ್ಕೆ ಬಿಲ್ಲೆಗಳನ್ನ ಗೆರೆಗಳ ನಡುವೆ ಇಟ್ಟು ಲೆಕ್ಕ. ಒಂದು ಸಾಲು ಪೆನ್ನಿ ಅನ್ನೋ ಚಿಲ್ಲರೆ ನಾಣ್ಯಕ್ಕೆ, ಮುಂದಿನದು ಶಿಲ್ಲಿಂಗಿಗೆ, ಅದರಾಚೆ ಪೌಂಡಿಗೆ, ಇಪ್ಪತ್ತಕ್ಕೆ, ನೂರಕ್ಕೆ, ಸಾವಿರಕ್ಕೆ.

ವರ್ಷಕ್ಕೆ ಎರಡು ಸಲ, ಈಸ್ಟರ್ ಮತ್ತು ಸೆಪ್ಟೆಂಬರ್ ಕೊನೆಯ ಮಿಕಲ್ಮಸ್ ಹಬ್ಬದ ಹೊತ್ತಿಗೆ, ಜಿಲ್ಲೆಯ ಅಧಿಕಾರಿಗಳಾದ ಶೆರಿಫ್‌ಗಳು ಬಂದು ಮೇಜಿನ ಎದುರು ಕೂರಬೇಕು. ಒಂದು ಕಡೆ ಖಜಾಂಚಿ, ಒಂದು ಕಡೆ ಶೆರಿಫ್, ನಡುವೆ ಗೆರೆ ಎಳೆದ ಬಟ್ಟೆ, ಬಿಲ್ಲೆ ನಡೆಸ್ತಾ ಹೋಗೋದು. ಇದು ಚದುರಂಗದಂತೆಯೇ ಇಬ್ಬರ ನಡುವಿನ ಕಾಳಗ ಅಂತ ಫಿಟ್ಜ್‌ನೀಲ್ ಸ್ವತಃ ಹೋಲಿಸಿದ್ದಾನೆ. ಇವತ್ತಿಗೂ ಬ್ರಿಟನ್ನಿನ ಹಣಕಾಸು ಮಂತ್ರಿಯ ಪದವಿ ಹೆಸರಿನಲ್ಲಿ ಎಕ್ಸ್‌ಚೆಕರ್ ಇದೆ. ಅಂದರೆ ಆ ದೇಶದ ಬಜೆಟ್ ಮಂಡಿಸೋ ಮನುಷ್ಯ ಹೆಸರಿನ ಮಟ್ಟಿಗೆ ಚದುರಂಗದ ಹಾಸಿನ ಮಂತ್ರಿ.

ಇನ್ನು ಜೋಡಿ ಬಿಲ್ಲೆ. ಶೆರಿಫ್ ಹಣ ಕಟ್ಟಿದ್ದಕ್ಕೆ ರಸೀದಿಯಾಗಿ ಒಂದು ಕೋಲು ಕೊಡೋರು. ಮೊತ್ತಕ್ಕೆ ತಕ್ಕ ಹಾಗೆ ಅಡ್ಡ ಕಚ್ಚು ಹಾಕಿ, ಆಮೇಲೆ ಕೋಲನ್ನ ಉದ್ದಕ್ಕೆ ಸೀಳಿ, ಒಂದು ಸೀಳು ಅವನಿಗೆ, ಒಂದು ಖಜಾನೆಗೆ. ಮುಂದೆ ತಕರಾರು ಬಂದರೆ ಎರಡನ್ನೂ ಜೋಡಿಸಬೇಕು. ಮರದ ಎಳೆ, ಕಚ್ಚು ಕೂಡದಿದ್ದರೆ ಮೋಸ ಅಂತ ಅಲ್ಲೇ ತಿಳಿಯುತ್ತೆ. ಈ ಕೋಲಿಗೆ 'ಟ್ಯಾಲಿ' ಅಂತ ಹೆಸರು. 19ನೇ ಶತಮಾನದವರೆಗೂ ಈ ಕೋಲುಗಳು ಖಜಾನೆಯಲ್ಲಿ ರಾಶಿ ಬಿದ್ದಿದ್ದವು. 1834ರ ಅಕ್ಟೋಬರ್ 16ರಂದು ಹಳೇ ಕೋಲುಗಳನ್ನ ಪಾರ್ಲಿಮೆಂಟ್ ಕಟ್ಟಡದ ಒಲೆಯಲ್ಲಿ ಸುಡೋಕೆ ಹೋಗಿ ಕಟ್ಟಡಕ್ಕೇ ಬೆಂಕಿ ಬಿತ್ತು. ಈಗ ಲಂಡನ್ನಿನಲ್ಲಿ ಕಾಣೋ ಪಾರ್ಲಿಮೆಂಟ್ ಬಹುಪಾಲು ಆಮೇಲೆ ಕಟ್ಟಿದ್ದು.

ಹಲಗೆಬಳಪ:

ಟ್ಯಾಲಿ ಅಂದ ತಕ್ಷಣ ನಮ್ಮ 'ತಾಳೆ ನೋಡು' ನೆನಪಾಯಿತು. ಅದೂ ಒಂದೇ ಬೇರಾ?

ಪದಬೇರು:

ಅಲ್ಲ. ಇಂಗ್ಲಿಷಿನದು ಲ್ಯಾಟಿನ್ 'ತಾಲಿಯಾ'ದಿಂದ, ಕಡಿದ ಕಡ್ಡಿ ಅಂತ. ನಮ್ಮ ತಾಳೆಗೆ ಮರಾಠಿಯಲ್ಲಿ 'ತಾಳಾ' ಅಂತ ಸೋದರ ಇದೆ, ಲೆಕ್ಕ ಸರಿ ಬಂದಿದೆಯಾ ಅಂತ ನೋಡೋದಕ್ಕೆ. ಚೆಕ್ಕುಬಂದಿಯ ಹಾಗೇ ಇದು ಸದ್ದಿನ ಹೋಲಿಕೆ ಮಾತ್ರ. ಆದರೆ 'ಚೆಕ್ ಮಾಡು' ಅನ್ನೋ ಕಡೆ, ಎರಡು ಲೆಕ್ಕ ಪಕ್ಕಪಕ್ಕ ಇಟ್ಟು ನೋಡೋ ಅರ್ಥ ಇದ್ದರೆ, 'ತಾಳೆ ನೋಡು' ಅನ್ನೋದಕ್ಕಿಂತ ಒಳ್ಳೆಯ ಕನ್ನಡ ನನಗೆ ಗೊತ್ತಿಲ್ಲ.

ರೈಟ್‌ರೈಟ್:

ನಾನು ಬಸ್ ಕಂಡಕ್ಟರ್. ಇಷ್ಟು ದೊಡ್ಡ ವಿಷಯದಲ್ಲಿ ನನ್ನದೊಂದು ಸಣ್ಣ ಮಾತು. ನಿಲ್ಲಿಸೋದು, ನೋಡೋದು ಎರಡು ಬೇರೆ ಅರ್ಥ ಅಂತ ಮೇಡಂ ನಿಘಂಟಿಂದ ಹೇಳಿದಾರೆ. ನಮ್ಮ ಕೆಲಸದಲ್ಲಿ ಅದು ಬೇರೆ ಅಲ್ಲ.

ಚೆಕಿಂಗ್‌ನವರು ನಿಲ್ದಾಣ ಇಲ್ಲದ ಕಡೆ, ತಿರುವು ಮುಗಿದ ಜಾಗದಲ್ಲಿ ನಿಂತು ಕೈ ಅಡ್ಡ ಹಾಕ್ತಾರೆ. ಬಸ್ಸು ನಿಲ್ತು ಅಂದರೆ ನನ್ನ ಕೈನೂ ನಿಲ್ತು, ಆಮೇಲೆ ಟಿಕೆಟ್ ಹರಿಯೋ ಹಾಗಿಲ್ಲ. ಒಬ್ಬರು ಮುಂದಿಂದ ಹತ್ತುತಾರೆ, ಒಬ್ಬರು ಹಿಂದಿಂದ. ತಲೆ ಎಣಿಸ್ತಾರೆ, ಟಿಕೆಟ್ ಎಣಿಸ್ತಾರೆ, ನನ್ನ ಮಿಷಿನ್ ಲೆಕ್ಕದ ಜೊತೆ ಕೂಡಿಸ್ತಾರೆ. ಬಸ್ಸು ಓಡ್ತಾ ಇದ್ದರೆ, ಜನ ಹತ್ತಿ ಇಳೀತಾ ಇದ್ದರೆ ಈ ಲೆಕ್ಕ ನಡೆಯಲ್ಲ. ನಿಲ್ಲಿಸದೇ ನೋಡೋಕಾಗಲ್ಲ. ನನಗೆ ಅನಿಸೋದು, ಅರ್ಥ ಹಿಂಗೇ ಒಂದರಿಂದ ಒಂದಕ್ಕೆ ಹೋಗಿರಬೇಕು.

ಬಂಡೀಪುರದ ದಾರೀಲೂ ಅಷ್ಟೇ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಹಾಕಿರ್ತಾರೆ. ಆ ಹೊತ್ತಲ್ಲಿ ಚೆಕ್‌ಪೋಸ್ಟ್ ಅಂದರೆ ಬರೀ ತಡೆ. ಹಗಲಲ್ಲಿ ಅದೇ ಚೆಕ್‌ಪೋಸ್ಟ್ ಗಾಡಿ ತಪಾಸಣೆಯ ಜಾಗ.

ಪದಬೇರು:

ರೈಟ್‌ರೈಟ್ ಅವರೇ, ಇದು ಸಣ್ಣ ಮಾತಲ್ಲ. ದಾಖಲೆಯಲ್ಲೂ ಕ್ರಮ ಇದೇ. 14ನೇ ಶತಮಾನದಲ್ಲಿ ಕ್ರಿಯಾಪದ ಅಂದರೆ ತಡೆ, ನಿಲ್ಲಿಸು. ರಾಜನಿಗೆ ಚೆಕ್ ಬಿದ್ದರೆ ಎದುರಾಳಿ ತನ್ನಿಷ್ಟದ ನಡೆ ನಡೆಸೋ ಹಾಗಿಲ್ಲ, ಎಲ್ಲ ಬಿಟ್ಟು ರಾಜನ್ನ ಉಳಿಸಿಕೊಳ್ಳಬೇಕು. ಆಟದ ಆ ಇಕ್ಕಟ್ಟೇ 'ತಡೆ' ಅನ್ನೋ ಅರ್ಥ ಕೊಟ್ಟಿದ್ದು. 17ನೇ ಶತಮಾನದಲ್ಲಿ 'ಸರಿ ಇದೆಯಾ ನೋಡು' ಅನ್ನೋದು ಬೆಳೀತು, ಲೆಕ್ಕದ ತಪ್ಪಿಗೆ ತಡೆ ಅನ್ನೋ ದಾರಿಯಿಂದ.

'ಕಂಟ್ರೋಲ್' ಪದದ ನಡಿಗೆಯೂ ಇಂಥದ್ದೇ ಜಾಡಿನದು. ಮೂಲದಲ್ಲಿ ಅದು ಎದುರು-ಪಟ್ಟಿ, ಮುಖ್ಯ ಲೆಕ್ಕದ ಸುರುಳಿಗೆ ತಾಳೆ ನೋಡೋಕೆ ಇಟ್ಟ ಎರಡನೇ ಸುರುಳಿ. ಅಲ್ಲಿ ನೋಡೋದರಿಂದ ಹಿಡಿತಕ್ಕೆ ಬಂತು, ಇಲ್ಲಿ ಹಿಡಿತದಿಂದ ನೋಡೋದಕ್ಕೆ.

ಅಡಿಕೆತೋಟ:

ಸುಳ್ಯದಿಂದ ಬರೆಯುತ್ತಿದ್ದೇನೆ. ಚೆಕ್‌ಡ್ಯಾಮಿನ ಬಗ್ಗೆ ಯಾರೂ ಮಾತಾಡಲಿಲ್ಲ, ಅದರಲ್ಲಿ ಹಳೆಯ ಅರ್ಥ ಹಾಗೆಯೇ ಉಂಟು. ಅಲ್ಲಿ ಪರೀಕ್ಷಿಸುವುದು ಏನೂ ಇಲ್ಲ, ನೀರನ್ನು ತಡೆಯುವುದು ಮಾತ್ರ. ಒಮ್ಮೆ ತರಬೇತಿಗೆ ಬಂದವರೊಬ್ಬರು "ನೀರಿನ ಮಟ್ಟ ಚೆಕ್ ಮಾಡುವ ಡ್ಯಾಮ್" ಎಂದು ರೈತರಿಗೆ ವಿವರಿಸಿದ್ದರು, ನನಗೆ ಬೇಸರವಾಗಿತ್ತು.

ನಮ್ಮಲ್ಲಿ ಇದಕ್ಕೆ 'ಕಟ್ಟ' ಎಂದೇ ಹೆಸರು. ಮಳೆ ನಿಂತು ತೋಡಿನ ಹರಿವು ಇಳಿದ ಮೇಲೆ ಕಲ್ಲು, ಮಣ್ಣು ಹಾಕಿ ಅಡ್ಡ ಕಟ್ಟುವುದು. ಮುಂದಿನ ಮಳೆಗಾಲಕ್ಕೆ ಹೊಳೆಯೇ ಕೊಚ್ಚಿಕೊಂಡು ಹೋಗುತ್ತದೆ, ಮತ್ತೆ ಕಟ್ಟುವುದು. ಕಾಸರಗೋಡು ಕಡೆಯ ತೋಟಗಳಲ್ಲಿಯೂ ಇದೇ ಕ್ರಮ. ನೀರು ಒಂದೆರಡು ತಿಂಗಳು ನಿಂತರೂ ಪಕ್ಕದ ಬಾವಿಗಳ ಒರತೆ ಏರುತ್ತದೆ. ಹಲಗೆ ಹಾಕುವ ಕಾಂಕ್ರೀಟಿನದ್ದಕ್ಕೆ ಕಿಂಡಿ ಅಣೆಕಟ್ಟು ಎನ್ನುತ್ತೇವೆ. ಮಕ್ಕಳಿಗೆ ಚೆಕ್‌ಡ್ಯಾಮ್ ಹೇಳುವಾಗ ಕಟ್ಟವನ್ನೂ ದಯವಿಟ್ಟು ಹೇಳಿ.

ನೂಲುಗೆರೆ:

ನಮ್ಮದು ಇಳಕಲ್ಲ ಕಡೀ ನೇಕಾರ ಮನೆತನ. ಚೆಕ್ಸ್ ಅಂಗಿಗೆ ಚೆಕ್ಸ್ ಅಂತ ಯಾಕಂತಾರ ಅನ್ನೂದು ಈಗ ತಿಳೀತು, ಚದುರಂಗದ ಹಾಸಿನ ಮನಿ ಮನಿ ನೋಡಿ ಅಂದದ್ದು. ನಾವು ಇಳಕಲ್ಲ ಸೀರಿ ಒಡಲಾಗ ಅಂಥಾ ಗೆರಿ ಬಂದ್ರ 'ಚೌಕಡಿ' ಅಂತೀವಿ.

ಮಗ್ಗದಾಗ ಇದು ಎರಡು ಕೆಲಸ ಐತ್ರಿ. ಹಾಸಿನ ನೂಲು ಸುತ್ತೂವಾಗನ ಬಣ್ಣ ಎಣಿಸಿ ಕೂಡಿಸಿರಬೇಕು, ಇಷ್ಟು ಎಳಿ ಕಪ್ಪು, ಇಷ್ಟು ಎಳಿ ಕೆಂಪು ಅಂತ. ಆಮ್ಯಾಲ ಹೊಕ್ಕು ಹಾಕೂವಾಗ ಲಾಳಿ ಬದಲಿಸಿ ಬದಲಿಸಿ ಅಷ್ಟ ಲೆಕ್ಕ ಹಿಡೀಬೇಕು. ನಾಕು ಎಳಿ ಹೆಚ್ಚಾತಂದ್ರ ಚೌಕ ಹೋಗಿ ಇಟ್ಟಂಗಿ ಆಕ್ಕೈತಿ. ನಮ್ಮವ್ವ ಬೆರಳಲೇ ಅಳೀತಿದ್ದಳು, ಗೆರಿಗೆ ಗೆರಿ ಕೂಡತೈತೋ ಇಲ್ಲೋ ಅಂತ.

ಆನೆಕುದುರೆ:

ನೂಲುಗೆರೆ ಅವರೇ, ಒಂದೇ ವಿನ್ಯಾಸ, ಎರಡು ಊರಿನವರು ಎರಡು ರೀತಿ ಕಂಡಿದ್ದಾರೆ ನೋಡಿ. ನಿಮ್ಮ ಚೌಕಡಿಯ 'ಚೌ' ಅಂದರೆ ನಾಲ್ಕು, ಸಂಸ್ಕೃತದ ಚತುರ್. ಚತುರಂಗದಲ್ಲಿರೋದೂ ಅದೇ ನಾಲ್ಕು. ಇಂಗ್ಲಿಷಿನವರು ಆ ಬಟ್ಟೆಯನ್ನ ರಾಜನ ಹೆಸರಲ್ಲಿ ಕರೆದರು, ನಾವು ನಾಲ್ಕು ಮೂಲೆಯ ಹೆಸರಲ್ಲಿ ಕರೆದೆವು. ಒಂದೇ ಹಾಸಿನ ಮೇಲೆ ಎರಡೂ ಕೂತಿವೆ.

ಹಾಸಿನ ವಿಷಯ ಬಂದದ್ದಕ್ಕೆ ಹೇಳ್ತೀನಿ, ಕರ್ನಾಟಕಕ್ಕೂ ಈ ಆಟಕ್ಕೂ ಹಳೇ ನಂಟು. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಚದುರಂಗದ ಆಟದ ವಿವರ ಇದೆ. ಹೆಚ್ಚುಕಮ್ಮಿ ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಆ ಖಜಾನೆ ಲೆಕ್ಕ ನಡೀತಿತ್ತು, ಈಗ ಉಳಿದಿರೋ ಅವರ ಅತಿ ಹಳೆಯ ಲೆಕ್ಕದ ಸುರುಳಿ 1130ರದು. ಬಸವಕಲ್ಯಾಣದಲ್ಲಿ ಕಾಯಿ ನಡೆಸ್ತಿದ್ದರೆ ಅಲ್ಲಿ ಬಿಲ್ಲೆ ನಡೆಸ್ತಿದ್ದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ಅಂತೂ, ಒಂದು ಕುದುರೆ 64 ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಬರೋ ಬಂಧಗಳನ್ನೇ ರಚಿಸಿದವರು.

ಒಂದು ಕೇಳಬೇಕಿತ್ತು. 'ಚೆಕ್‌ಮೇಟ್' ಅಂದರೆ 'ರಾಜ ಸತ್ತ' ಅಂತ ನಮ್ಮ ಗುರುಗಳು ಹೇಳಿಕೊಟ್ಟಿದ್ದರು. ಸರಿಯೇ?

ಪದಬೇರು:

'ಶಾಹ್ ಮಾತ್'. ಅರಬಿಯಲ್ಲಿ 'ಮಾತ' ಅಂದರೆ ಸತ್ತ, ಅದರಿಂದ ಆ ವಿವರಣೆ ಹುಟ್ಟಿದೆ. ಆದರೆ ಪಾರಸಿಯ 'ಮಾತ್' ಅಂದರೆ ದಿಕ್ಕು ತೋಚದ, ನಿರುಪಾಯ. ಆಟಕ್ಕೆ ಹೊಂದೋದು ಇದೇ. ಚದುರಂಗದಲ್ಲಿ ರಾಜನ್ನ ಯಾರೂ ಕೊಲ್ಲೋದಿಲ್ಲ, ಹಾಸಿನಿಂದ ಎತ್ತೋದಿಲ್ಲ. ಎಲ್ಲೂ ಸರಿಯೋಕೆ ಆಗದೆ ನಿಂತ ಕಡೆಯೇ ಆಟ ಮುಗಿಯುತ್ತೆ.

ಬೇರೆ ಭಾಷೆಗಳಲ್ಲೂ ಆ ರಾಜ ಕೂತಿದ್ದಾನೆ. ರಷ್ಯನ್ನರಿಗೆ ಆಟದ ಹೆಸರೇ 'ಶಾಖ್ಮತಿ'. ಜರ್ಮನರಿಗೆ 'ಶಾಖ್', ಯಾರನ್ನಾದರೂ ಹತೋಟಿಯಲ್ಲಿಡೋದಕ್ಕೂ ಅವರು 'ಶಾಖ್‌ನಲ್ಲಿ ಹಿಡಿ' ಅಂತಾರೆ. ಫ್ರೆಂಚರಿಗೆ 'ಎಶೆಕ್' ಅಂದರೆ ಸೋಲು, ವೈಫಲ್ಯ.

ಇದನ್ನ ಕೊನೆಗೆ ಅಂತ ಇಟ್ಟುಕೊಂಡಿದ್ದೆ: 'ಶಾಹ್' ಹಳೇ ಪಾರಸಿಯಲ್ಲಿ 'ಖ್ಶಾಯಥಿಯ'. ಪ್ರಾಚೀನ ಇರಾನಿನ ದೊರೆಗಳು ಶಾಸನಗಳಲ್ಲಿ ತಮ್ಮನ್ನ ಕರೆದುಕೊಂಡದ್ದು ಹಾಗೆ. ಆಳು ಅನ್ನೋ ಧಾತುವಿನಿಂದ ಬಂದದ್ದು. ಸಂಸ್ಕೃತದಲ್ಲಿ ಅದೇ ಬೇರಿಗೆ ಸೇರಿದ್ದು 'ಕ್ಷತ್ರ', ಆಳ್ವಿಕೆ. ಅದರಿಂದ ಕ್ಷತ್ರಿಯ. ಹಾಗಾಗಿ ಬ್ಯಾಂಕಿನ ಚೆಕ್ಕು, ಲುಂಗಿಯ ಚೆಕ್ಸು, ಬಸ್ಸಿನ ಚೆಕಿಂಗು ಇವೆಲ್ಲ ನಮ್ಮ 'ಕ್ಷತ್ರ' ಪದಕ್ಕೆ ದೂರದ ದಾಯಾದಿಗಳು. ಚೆಕ್ಕುಬಂದಿ ಒಂದೇ ಹೊರಗಿನದು.

ಕೌಂಟರ್ 3:

ಒಬ್ಬ ರಾಜನನ್ನೇ ಮೂವತ್ತೆರಡು ವರ್ಷ ಕ್ಲಿಯರಿಂಗಿಗೆ ಕಳಿಸಿದ್ದೀನಿ ಅಂತಾಯಿತು. ಮನೆಯಲ್ಲಿ ಹಳೇ ಚೆಕ್‌ಬುಕ್ಕಿನ ಎಡಗಡೆ ಪಟ್ಟಿಗಳ ಒಂದು ಕಟ್ಟು ಇದೆ, ನಮ್ಮ ತಂದೆಯವರು ಇಂಕ್ ಪೆನ್ನಿನಲ್ಲಿ ಬರೆದದ್ದು, ಒಂದೂ ಖಾಲಿ ಇಲ್ಲ. ಹಲಗೆಬಳಪ ಮೇಡಂ, ಮಕ್ಕಳಿಗೆ ತೋರಿಸೋಕೆ ಬೇಕಿದ್ದರೆ ಖಾತೆ ನಂಬರ್ ಮುಚ್ಚಿ ಫೋಟೋ ಹಾಕ್ತೀನಿ.

ಹಲಗೆಬಳಪ:

ಹಾಕಿ ಸಾರ್, ದಯವಿಟ್ಟು ಹಾಕಿ.

ಇವತ್ತು ತರಗತಿಯಲ್ಲಿ ಹೇಳಿದೆ. ಹಲಗೆಯ ಮೇಲೆ ಎಂಟು-ಎಂಟು ಮನೆ ಬರೆದೆ, ನಡುವೆ ರಾಜನ್ನ ಇಟ್ಟು, ಒಂದೊಂದು ಅರ್ಥಕ್ಕೂ ಅಲ್ಲಿಂದ ಗೆರೆ ಎಳೀತಾ ಹೋದೆ. ತಡೆಗೆ ಒಂದು ಗೆರೆ, ಅದರಿಂದ ಒಂದು ಕವಲು ಚೆಕ್‌ಡ್ಯಾಮಿಗೆ, ಇನ್ನೊಂದು ಚೆಕಿಂಗಿಗೆ, ಮತ್ತೊಂದು ಬ್ಯಾಂಕಿಗೆ. ಚದುರಂಗದ ಹಾಸಿಗೆ ಬೇರೆ ಗೆರೆ, ಅದರಿಂದ ಲುಂಗಿಗೊಂದು, ಖಜಾನೆಗೊಂದು. ಖಜಾನೆಯಿಂದ ಬ್ಯಾಂಕ್ ಚೆಕ್ಕಿಗೆ ಚುಕ್ಕಿ ಗೆರೆ, ಸ್ಪೆಲಿಂಗ್ ಅಲ್ಲಿಂದ ಬಂತು ಅಂತ. ರೈಟ್‌ರೈಟ್ ಅವರ ಬಸ್ಸಿನ ಮಾತು ಹೇಳಿದಾಗ ಎಲ್ಲರಿಗೂ ತಟ್ಟನೆ ಹೊಳೆಯಿತು, ಇಬ್ಬರು ಎದ್ದು ಬಂದು ಕೈ ಅಡ್ಡ ಹಾಕಿ ನಟಿಸಿಯೂ ತೋರಿಸಿದರು. ಒಂದು ಹುಡುಗಿ ನೋಟ್ ಪುಸ್ತಕದ ಹಾಳೆ ಹರಿದು, ಅಂಚು ಜೋಡಿಸಿ, "ಮಿಸ್, ಇದೂ ಚೆಕ್ಕಾ?" ಅಂದಳು. ಹೌದು ಅಂದೆ.

ಚೆಕ್ಕುಬಂದಿಯನ್ನ ಆ ಹುಡುಗನ ಕೈಯಲ್ಲೇ ಹಲಗೆಯಿಂದ ಒರೆಸಿಸೋಣ ಅಂತಿದ್ದೆ. ಅವನು ಒರೆಸಲಿಲ್ಲ. ಹಲಗೆಯ ಬಲಮೂಲೆಗೆ ಬೇರೆ ಚೌಕ ಹಾಕಿ ಅದರೊಳಗೆ ಚೆಕ್ಕುಬಂದಿ ಅಂತ ಬರೆದ, ಪಕ್ಕದಲ್ಲಿ ಜಮಾಬಂದಿ, ನಾಕಾಬಂದಿ. ಆಮೇಲೆ ಚೌಕದ ನಾಲ್ಕೂ ಮಗ್ಗುಲಿಗೆ ಪೂರ್ವಕ್ಕೆ ಗೌಡರ ಹೊಲ, ಪಶ್ಚಿಮಕ್ಕೆ ಬಂಡಿದಾರಿ ಅಂತ ತಾತನ ಪತ್ರದ್ದನ್ನ ಬಾಯಿಪಾಠವಾಗಿ ಬರೀತಾ ಹೋದ. ಗಂಟೆ ಹೊಡೆದಾಗ ಉತ್ತರದ ಹಳ್ಳ ಮುಗಿದಿತ್ತು, ದಕ್ಷಿಣ ಇನ್ನೂ ಬಾಕಿ ಇತ್ತು.